ಕೈ ಸೋಕದ ಖಾರದ ಪುಡಿ

ಕಳೆದ ಭಾನುವಾರ ಚಾಮರಾಜಪುರಂನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಸಾರಿಗೆ ಖಾರದ ಪುಡಿ ಸಾಲದೆಂದು ಅಕ್ಕ ನನ್ನನ್ನೇ ಮೂಲೆಯ ಅಂಗಡಿಗೆ ಓಡಿಸಿದಳು. ಅಂಗಡಿಯವರು ಕೊಟ್ಟ ಪೊಟ್ಟಣ ನಾನು ಕೆಲಸ ಮಾಡುವ ಕಾರ್ಖಾನೆಯದೇ. ಹೊಸ ಕವರು, ಹೊಳಪು ಜಾಸ್ತಿ. ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು: 'ಮನುಷ್ಯರ ಕೈ ಸೋಕಿಲ್ಲ. ಇನ್‌ಫ್ರಾರೆಡ್ ಕ್ಯಾಮೆರಾ ಪರೀಕ್ಷಿತ.'

ಮೈಯೆಲ್ಲ ಉರಿದುಹೋಯಿತು. "ಯಾರ್ರೀ ಹೇಳಿದ್ದು ಕೈ ಸೋಕಿಲ್ಲ ಅಂತ? ಇಗೋ, ಈ ಕೈ ಸೋಕಿದೆ" ಎಂದು ಅಂಗಡಿಯವರ ಮುಖದ ಮುಂದೆ ಎರಡೂ ಅಂಗೈ ಹಿಡಿದೆ. ಪಾಪ, ಅವರಿಗೇನು ಗೊತ್ತು. "ಬೇರೆ ಕಂಪನೀದು ಕೊಡ್ಲಾಮ್ಮ?" ಎಂದರು. ಬೇಡವೆಂದು ಅದನ್ನೇ ತಂದೆ. ಅಕ್ಕ ಕವರಿನ ಮೂಲೆ ಕತ್ತರಿಸಿದ್ದೇ ಘಾಟು ಮೂಗಿಗೆ ಬಡಿದು ಮೂರು ಸಲ ಸೀನಿದೆ. ದಿನಕ್ಕೆ ಎಂಟು ಗಂಟೆ ಅದೇ ಘಾಟಿನಲ್ಲಿ ಕೂರುವವಳು ನಾನು. ಆದರೂ ಆ ಅಡುಗೆಮನೆಯಲ್ಲಿ ನಿಂತವಳಿಗೆ ನೆನಪಾದದ್ದು ಒಂದೇ ಒಂದು ಬೇಸಿಗೆ. ಆ ಕ್ಯಾಮೆರಾ ನಮ್ಮಲ್ಲಿಗೆ ಬಂದ ಬೇಸಿಗೆ.

ನಮ್ಮ ಮನೆ ದಟ್ಟಗಳ್ಳಿಯಲ್ಲಿ. ಲೇಔಟಿನ ಕಡೆಯದಲ್ಲ, ಲೇಔಟು ಬರುವ ಮುಂಚಿನ ಊರಿನದು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಪ್ಪನ ಫೋಟೊ. ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು, ಓದು ಬರುತ್ತಿರಲಿಲ್ಲ. ನನ್ನನ್ನು ಮಾತ್ರ ಹಟ ಹಿಡಿದು ಎಸ್ಸೆಸ್ಸೆಲ್ಸಿ ಮಾಡಿಸಿದರು. "ಓದ್ದೆ ಯಾವ್ ಕಾಗ್ದುಕ್ಕೂ ರುಜು ಆಕ್ಬೇಡ ಕಣವ್ವ" ಎನ್ನುವುದೊಂದೇ ಅವರು ನನಗೆ ಹೇಳಿದ ಬುದ್ಧಿಮಾತು. ಮಗಳು ಅಂಗನವಾಡಿಗೆ ಹೋಗುವ ಹೊತ್ತಿಗೆ ನಾನು ರಿಂಗ್ ರೋಡಿನಾಚೆಯ ಈ ಮಸಾಲೆ ಕಾರ್ಖಾನೆ ಸೇರಿದೆ. ಅವಳೀಗ ಡಿಗ್ರಿ ಓದುತ್ತಿದ್ದಾಳೆ.

ಕಾಯಿ ಆರಿಸುವ ಹಾಲ್‌ನಲ್ಲಿ ನಾವು ಹದಿನೆಂಟು ಹೆಂಗಸರು. ಮೆಣಸಿನಕಾಯಿ ಬೆಲ್ಟಿನ ಮೇಲೆ ಬರುತ್ತದೆ. ತೊಟ್ಟು ಮುರಿಯಬೇಕು, ಕಲ್ಲು, ಕಡ್ಡಿ, ಬೂಸ್ಟು ಹಿಡಿದ ಕಾಯಿ, ಚೀಲದ ದಾರ ಎಲ್ಲ ಆರಿಸಿ ತೆಗೆಯಬೇಕು. ಮೇಲೆ ತಗಡಿನ ಸೂರು. ಏಪ್ರಿಲ್ ಬಂತೆಂದರೆ ಹತ್ತು ಗಂಟೆಗೆಲ್ಲ ಆ ತಗಡು ಕಾದ ಕಾವಲಿ. ಕಾಯಿ ಗರಿಗರಿಯಾಗಿ ಮುಟ್ಟಿದರೆ ಪುಡಿಯಾಗುತ್ತದೆ, ಬೀಜ ಹಾರುತ್ತದೆ, ಘಾಟು ಏಳುತ್ತದೆ. ಒಬ್ಬಳು ಕೆಮ್ಮಿದರೆ ಸಾಲಿಗೆ ಸಾಲೇ ಕೆಮ್ಮುತ್ತದೆ. ಮನೆಗೆ ಹೋಗಿ ಕೈಗೆ ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿದರೂ ಮಗುವಿನ ಕೆನ್ನೆ ಮುಟ್ಟುವ ಹಾಗಿಲ್ಲ. ಇದು ನಮ್ಮ ಕೆಲಸ, ಇದರಲ್ಲಿ ನಾವು ಗಟ್ಟಿಗಿತ್ತಿಯರು.

ಆ ವರ್ಷ ಹೊರದೇಶಕ್ಕೆ ಹೋದ ಒಂದು ಲೋಡು ವಾಪಸ್ ಬಂತು. ಅದರಲ್ಲಿ ಕೆಂಪು ಪ್ಲಾಸ್ಟಿಕ್ ದಾರ ಸಿಕ್ಕಿತಂತೆ. ಚೀಲದ ಬಾಯಿ ಹೊಲಿಯುವ ದಾರ ಅದು. ಕೆಂಪು ಮೆಣಸಿನಕಾಯಿ ರಾಶಿಯಲ್ಲಿ ಕೆಂಪು ದಾರ ಹುಡುಕುವುದು ಯಾರ ಕಣ್ಣಿಗಾದರೂ ಕಷ್ಟವೇ. ಆದರೆ ನಮ್ಮ ಮ್ಯಾನೇಜರ್ ನಾಗೇಂದ್ರ ಸಾರ್ ಹಾಲಿನ ನಡುವೆ ನಿಂತು, "ನಿಮ್ ಕಣ್ಣನ್ನ ನಂಬಿದ್ದು ಸಾಕು. ಹೊಸ ಕ್ಯಾಮೆರಾ ಬರ್ತಿದೆ. ಮೂರ್ ವಾರ ಟ್ರಯಲ್ಲು. ಸರಿಹೋದ್ರೆ ಜೂನಿಂದ ನಾಲ್ಕು ಜನ ಸಾಕು, ಮಿಕ್ಕೋರು ಬೇರೆ ಕಡೆ ನೋಡ್ಕೊಳ್ಳಿ" ಎಂದುಬಿಟ್ಟರು. ಹದಿನಾಲ್ಕು ಜನರ ಅನ್ನದ ಮಾತನ್ನು ಟೀ ಬ್ರೇಕಿನ ಸಮಯ ಹೇಳುವಷ್ಟೇ ಸಲೀಸಾಗಿ ಹೇಳಿದರು.

ಕ್ಯಾಮೆರಾ ಬಂತು. ತೆಂಗಿನಕಾಯಿ ಒಡೆದು, ಅರಿಶಿನ ಕುಂಕುಮ ಇಟ್ಟು, ಬೆಲ್ಟಿನ ಕೊನೆಯಲ್ಲಿ ನೆಲಕ್ಕೆ ತೂತು ಕೊರೆದು ಬೋಲ್ಟ್ ಹಾಕಿ ಕೂರಿಸಿದರು. ಅದರ ಸುತ್ತ ಗಾಜಿನ ಗೂಡು, ಗೂಡಿಗೆ ಎಸಿ. ಶಾಖ ಜಾಸ್ತಿಯಾದರೆ ಅದರ ಕಣ್ಣು ಮಂಜಾಗುತ್ತದಂತೆ. "ನಮ್ಗೆ ಹದಿನೆಂಟ್ ಜನುಕ್ಕೆ ಎರಡು ಫ್ಯಾನು, ಅದುಕ್ಕೊಬ್ಬುಂಗೆ ಎಸಿ. ಮನೆ ಅಳಿಯ ಬಂದಂಗಾಯ್ತು ಬುಡು" ಎಂದರು ರತ್ನಮ್ಮ. ನಮ್ಮಲ್ಲೆಲ್ಲ ಹಿರಿಯರು ಅವರು, ಬೆಲ್ಟಿನ ತಲೆಯಲ್ಲಿ ಕೂರುವವರು. ಅವತ್ತಿನಿಂದ ಕ್ಯಾಮೆರಾಗೆ ಅಳಿಯ ಎಂದೇ ಹೆಸರಾಯಿತು.

ಅಳಿಯನನ್ನು ಕರೆತಂದವಳು ಸಿಂಧು. ಯಾದವಗಿರಿಯ ಹಳೇ ಬಂಗಲೆಯೊಂದರಲ್ಲಿ ಅವರ ಸಣ್ಣ ಕಂಪನಿ. ಸೆನ್ಸರನ್ನು ಹೊರಗಿನಿಂದ ತರಿಸಿ, ದೀಪ, ಕಂಪ್ಯೂಟರು, ಗಾಳಿ ಊದುವ ನಳಿಗೆ ಎಲ್ಲ ಸೇರಿಸಿ ಯಂತ್ರ ಮಾಡುವುದು ಅವರ ಕೆಲಸ. ಮೂವತ್ತರ ಆಸುಪಾಸಿನ ಎಂಜಿನಿಯರ್, ಒಳ್ಳೆ ಹೆಣ್ಣುಮಗಳು. ಬಂದ ಮೊದಲ ದಿನವೇ ನಮ್ಮ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಅಕ್ಕಾ, ಬೆಳಗ್ಗೆಯಿಂದ ಏನೇನ್ ಮಾಡ್ತೀರೋ ಒಂದೂ ಬಿಡದೆ ಹೇಳಿ, ಬರ್ಕೋತೀನಿ" ಎಂದಳು. ಚೀಲ ಬಿಚ್ಚುವುದರಿಂದ ಹಿಡಿದು ಕೊನೆಯಲ್ಲಿ ಕಸ ಗುಡಿಸುವವರೆಗೆ ನಾನೇ ಹೇಳಿದೆ. ಎರಡು ಪುಟ ಬರೆದುಕೊಂಡಳು.

ಅವಳು ನನಗೆ ವಿವರಿಸಿದ್ದನ್ನು ತಿಳಿದಷ್ಟು ಹೇಳುತ್ತೇನೆ. ನಮ್ಮ ಕಣ್ಣಿಗೆ ಕೆಂಪು ಬಣ್ಣವೇ ಕೊನೆ. ಅಲ್ಲಿಂದಾಚೆಗೂ ಬೆಳಕಿದೆ, ನಮಗೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾದ ಚಿಪ್ ಸಿಲಿಕಾನಿನದು, ಅದಕ್ಕೆ ಇನ್ನೂ ಒಂದೆರಡು ಹೆಜ್ಜೆ ಆಚೆ ಕಾಣುತ್ತದೆ, ಆಮೇಲೆ ಅದೂ ಕುರುಡು. ಇವರ ಸೆನ್ಸರು ಇಂಡಿಯಮ್, ಗ್ಯಾಲಿಯಮ್ ಎಂಬ ಬೇರೆ ವಸ್ತುಗಳ ಬೆರಕೆಯದು, ಇನ್ನೂ ದೂರ ನೋಡುತ್ತದೆ. ಅಲ್ಲಿ ಬಣ್ಣದ ಲೆಕ್ಕವೇ ಇಲ್ಲ, ವಸ್ತು ಯಾವುದು ಎನ್ನುವುದೇ ಲೆಕ್ಕ. ಅವಳು ಪರದೆ ತೋರಿಸಿದಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಕೆಂಪು ಮೆಣಸಿನಕಾಯಿ ಹತ್ತಿಯ ಹಾಗೆ ಬೆಳ್ಳಗಿತ್ತು. ಅದರ ನಡುವೆ ನಾನು ಕಣ್ಣು ಕಿತ್ತುಕೊಂಡು ಹುಡುಕುತ್ತಿದ್ದ ಆ ದರಿದ್ರ ಕೆಂಪು ದಾರ, ಕಂಪ್ಯೂಟರು ನೀಲಿ ಬಳಿದು ತೋರಿಸಿದ್ದರಿಂದ, ಎದ್ದು ಕಾಣುತ್ತಿತ್ತು. ಟಪ್ ಎಂದು ಗಾಳಿ ಊದಿ ಅದನ್ನು ಆಚೆ ಎಸೆಯಿತು. ಹೊಟ್ಟೆಕಿಚ್ಚಿದ್ದರೂ ಭೇಷ್ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಕಲ್ಲು ಯಾವುದು, ಕಡ್ಡಿ ಯಾವುದು, ಬೂಸ್ಟು ಯಾವುದು ಎಂದು ಒಂದು ವಾರ ನಾನೇ ಮಾದರಿ ಆರಿಸಿ ಕೊಟ್ಟೆ. ಬೂಸ್ಟು ಹಿಡಿದ ಕಾಯಿಯನ್ನು ನಾನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳುತ್ತೇನೆ, ಬೀಜದ ಸದ್ದೇ ಬೇರೆ. ಸಿಂಧು ನಗುತ್ತಾ ಬರೆದುಕೊಳ್ಳುತ್ತಿದ್ದಳು. ನಮ್ಮ ಅನ್ನಕ್ಕೆ ಕಲ್ಲು ಹಾಕುವ ಯಂತ್ರಕ್ಕೆ ನಾನೇ ಪಾಠ ಹೇಳುತ್ತಿದ್ದೇನೆಂದು ಮಿಕ್ಕವರು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ.

ಟ್ರಯಲ್ಲಿನ ಎರಡನೇ ವಾರ ಅಳಿಯನಿಗೆ ಹುಚ್ಚು ಹಿಡಿಯಿತು. ಬೆಳಗ್ಗೆ ಎಲ್ಲ ಸರಿಯಿರುತ್ತಿತ್ತು. ಹತ್ತು ಗಂಟೆ ದಾಟಿದ್ದೇ ತಡ, ಒಳ್ಳೆಯ ಕಾಯಿಯನ್ನೆಲ್ಲ ಟಪಟಪ ಊದಿ ಆಚೆ ಬಿಸಾಕುತ್ತಿತ್ತು. ಸಿಂಧು ದೀಪ ಬದಲಾಯಿಸಿದಳು, ಎಸಿ ಹೆಚ್ಚಿಸಿದಳು, ಗಾಜು ಒರೆಸಿದಳು. ಬಿಸಾಕಿದ ರಾಶಿಯನ್ನೇ ಮಾರನೇ ಬೆಳಗ್ಗೆ ಮತ್ತೆ ಹಾಕಿದರೆ ಎಲ್ಲ ಪಾಸು! "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ, ಇವುನ್ಗೆ ಕಣ್ಣೇ ಇಲ್ಲ ಕಣ್ರವ್ವಾ" ಎಂದು ರತ್ನಮ್ಮ ಒಳಗೊಳಗೇ ನಗುತ್ತಿದ್ದರು.

ನಾಗೇಂದ್ರ ಸಾರ್ ನಗಲಿಲ್ಲ. ಹೆಂಗಸರು ಹೊಟ್ಟೆಕಿಚ್ಚಿಗೆ ಏನೋ ಕಿತಾಪತಿ ಮಾಡುತ್ತಿದ್ದಾರೆಂದು ಓನರಿಗೆ ವರದಿ ಕಳಿಸಿಬಿಟ್ಟರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಟೈಪು ಮಾಡಿಸಿದ ಕಾಗದಗಳನ್ನು ಹಂಚಿದರು. ಕ್ಯಾಮೆರಾ ಯಂತ್ರದ ಕೆಲಸಕ್ಕೆ ನಾವು ಬೇಕೆಂದೇ ಅಡ್ಡಿ ಮಾಡಿದ್ದೇವೆ, ತಪ್ಪಾಯಿತು, ಇನ್ನು ಮುಂದೆ ಮಾಡುವುದಿಲ್ಲ ಎಂದಿತ್ತು. ಕೆಳಗೆ ರುಜುವಿಗೆ ಜಾಗ. "ಹಾಕಿದೋರ್ ಮೇಲೆ ಆಕ್ಷನ್ ಇರಲ್ಲ. ಹಾಕ್ದೇ ಇರೋರು ಅವರ ದಾರಿ ಅವರು ನೋಡ್ಕೋಬೇಕು" ಎಂದರು.

ರತ್ನಮ್ಮ ಮೊದಲು ಹಾಕಿದರು. "ರಿಟೈರಾಗಕ್ಕೆ ನಂಗಿನ್ನ ಮೂರ್ ವರ್ಸ ಅದೆ ತಾಯಿ, ಯಾಕ್ ಬೇಕು" ಎಂದರು. ಒಬ್ಬೊಬ್ಬರೇ ಹದಿನೇಳು ಜನ ಹಾಕಿದರು. ನಾನು ಕಾಗದ ಎರಡು ಸಲ ಓದಿ ವಾಪಸ್ ಕೊಟ್ಟೆ.

"ಯಾಕಮ್ಮ?"

"ನಾವು ಮಾಡಿಲ್ಲ ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ಇದು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಇಷ್ಟ್ ಜನದಲ್ಲಿ ನಿಂಗೇ ಯಾಕೆ ಉರಿ?"

"ಉರೀತದೆ ಸಾರ್. ಆ ಕ್ಯಾಮೆರಾ ಏನ್ ನೋಡ್ತು ಅಂತ ನಂಗೂ ತೋರಿಸಿ. ಅದರಲ್ಲಿ ನನ್ ತಪ್ಪಿದ್ರೆ ಹತ್ತು ರುಜು ಹಾಕ್ತೀನಿ."

ಸಿಂಧು ಮಧ್ಯೆ ಬಂದು, "ತೋರಿಸೋಣ ಸರ್, ಅದರಲ್ಲೇನಿದೆ" ಎಂದು ನನ್ನನ್ನು ಗೂಡಿನೊಳಗೆ ಕರೆದುಕೊಂಡು ಹೋದಳು. ಹಿಂದಿನ ದಿನ ಬಿಸಾಕಿದ ಕಾಯಿಗಳ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಬೆಳ್ಳನೆಯ ಕಾಯಿಗಳ ಮೇಲೆ ಕಪ್ಪು ಕಲೆ. ಒಂದರ ಮೇಲೆ ಹನಿಹನಿ, ಇನ್ನೊಂದರ ಮೇಲೆ ತೊಟ್ಟಿನ ಹತ್ತಿರ ಸಾಲಾಗಿ ಮೂರು ಗುರುತು. "ಇದು ಕೊಳೆ ಇರಬೇಕು ಅಂತ ಅದು ಬಿಸಾಕ್ತಿದೆ. ಆದ್ರೆ ಕೊಳೆ ಬೆಳಗ್ಗೆ ಹೊತ್ತಿಗೆ ಹೇಗೆ ಮಾಯ ಆಗುತ್ತೆ ಅಂತಾನೇ ಗೊತ್ತಾಗ್ತಿಲ್ಲ ಅಕ್ಕಾ" ಎಂದಳು.

ನನಗೆ ಗೊತ್ತಾಯಿತು. ಆ ಮೂರು ಗುರುತು ಬೆರಳಿನವು. ನಮ್ಮ ಬೆರಳಿನವು.

ಬಿಸಿಲೇರಿ ಘಾಟು ಎದ್ದಾಗ ರತ್ನಮ್ಮ ಚೊಂಬಿನಿಂದ ಬೆಲ್ಟಿನ ಮೇಲೆ ನೀರು ಚಿಮುಕಿಸುತ್ತಿದ್ದರು. ನಾವೂ ಬೆರಳನ್ನು ನೀರಿಗೆ ಅದ್ದಿಕೊಂಡೇ ತೊಟ್ಟು ಮುರಿಯುತ್ತೇವೆ. ಕಾಯಿ ಮೆತ್ತಗಾಗಿ ಒಡೆಯುವುದಿಲ್ಲ, ಘಾಟು ಕೂರುತ್ತದೆ, ಕೈ ಅಷ್ಟು ಉರಿಯುವುದಿಲ್ಲ. ಮುಂಚಿನಿಂದ ಬಂದ ಪದ್ಧತಿ. ಆ ನೀರು ಕಣ್ಣಿಗೆ ಕಾಣುವುದಿಲ್ಲ, ಬಿಸಿಲಿಗೆ ಮೇಲ್ಮೈ ತಕ್ಷಣ ಆರುತ್ತದೆ. ಒಳಗಿನ ಪಸೆ ಮಾತ್ರ ಉಳಿದು, ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಆರುತ್ತದೆ. ಒಂದೂ ಬಿಡದೆ ಹೇಳಿ ಎಂದು ಸಿಂಧು ಕೇಳಿದಾಗ ನನಗೆ ಅದು ಹೊಳೆಯಲೇ ಇಲ್ಲ. ಕೆಲಸ ಏನು ಮಾಡುತ್ತೀರಿ ಎಂದರೆ ಉಸಿರಾಡುತ್ತೇವೆ ಎಂದು ಯಾರಾದರೂ ಹೇಳುತ್ತಾರೆಯೇ?

ರತ್ನಮ್ಮನನ್ನು ನಲ್ಲಿಯ ಹತ್ತಿರ ಕರೆದು ಹೇಳಿದೆ. ಅವರು ಸುತ್ತ ನೋಡಿ ನನ್ನ ಕೈ ಅಮುಕಿದರು. "ಬಾಯ್ ಮುಚ್ಕೊಂಡಿರು ಕಣಮ್ಮಿ. ಇನ್ನೊಂದ್ ವಾರ ಇಂಗೇ ಚಿಮುಕುಸ್ತೀನಿ, ಮಿಸೀನು ವಾಪಸ್ ಓಯ್ತದೆ. ಅದ್ನೆಂಟ್ ಮನೆ ಒಲೆ ಉರೀತದೆ. ನೀ ಒಬ್ಳು ಸತ್ಯವಂತಳಾಗಿ ಏನಾಗ್ಬೇಕು?"

ಬಸ್ಸಿನಲ್ಲಿ ನಿಂತುಕೊಂಡು ಮನೆಗೆ ಬರುವಾಗ ಅದನ್ನೇ ಯೋಚಿಸಿದೆ. ಆ ಸಂಜೆ ಮೋಡ ಕಟ್ಟಿ ಗುಡುಗಿತು, ಮಳೆ ಮಾತ್ರ ಬರಲಿಲ್ಲ, ಸೆಕೆ ಇನ್ನೂ ಹೆಚ್ಚಾಯಿತು. ರತ್ನಮ್ಮ ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಯಂತ್ರ ಹೋಗುತ್ತಿತ್ತು, ನಾವು ಉಳಿಯುತ್ತಿದ್ದೆವು. ಆದರೆ ನಾಳೆ ಇನ್ನೊಬ್ಬ ಅಳಿಯ ಬರುತ್ತಾನೆ. ಕಿತಾಪತಿ ಮಾಡುವವರು ಎಂಬ ಹೆಸರು ಮಾತ್ರ ಕಾಗದದ ಮೇಲೆ ನಮ್ಮ ರುಜುವಿನ ಜೊತೆ ಉಳಿಯುತ್ತದೆ. ಸತ್ಯ ಹೇಳಬೇಕೆಂಬ ದೊಡ್ಡ ಗುಣದಿಂದ ನಾನು ಬಾಯಿ ಬಿಟ್ಟೆ ಎಂದರೆ ಅದೂ ಸುಳ್ಳಾದೀತು. ರೋಷ. ಮಾಡದ ತಪ್ಪನ್ನು ಒಪ್ಪಿಕೊಂಡು, ಕದ್ದುಮುಚ್ಚಿ ನೀರು ಚಿಮುಕಿಸಿ ಬದುಕುವಷ್ಟು ನಾವು ಬಿದ್ದುಹೋಗಿಲ್ಲ ಎಂಬ ರೋಷ.

ಮಾರನೇ ದಿನ ಓನರು ಬಂದಿದ್ದರು, ಯಂತ್ರ ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನ ಮಾಡಲು. ನಾನು ಎದ್ದು ಹೋಗಿ ಅವರ ಮುಂದೆ ನಿಂತು, "ಯಾಕೆ ಹಿಂಗಾಗ್ತಿದೆ ಅಂತ ತೋರಿಸ್ತೀನಿ ಸಾರ್" ಎಂದೆ. ಒಣ ಕಾಯಿಯೊಂದನ್ನು ಬೆಲ್ಟಿನ ಮೇಲಿಟ್ಟೆ, ಪಾಸಾಯಿತು. ಬೆರಳನ್ನು ನೀರಿಗೆ ಅದ್ದಿ ಅದೇ ಕಾಯಿ ಮುಟ್ಟಿ ಮತ್ತೆ ಇಟ್ಟೆ. ಪರದೆಯ ಮೇಲೆ ನನ್ನ ಬೆರಳು ಕಪ್ಪಗೆ ಮೂಡಿತು. ಟಪ್ ಎಂದು ಊದಿ ಎಸೆಯಿತು.

"ನೀರು! ಅಯ್ಯೋ ದೇವರೇ, ನೀರು!" ಸಿಂಧು ಹಣೆ ಚಚ್ಚಿಕೊಂಡಳು. "ಈ ಬೆಳಕನ್ನ ನೀರು ಕುಡಿದುಬಿಡುತ್ತೆ ಸರ್. ನಮ್ ಸೆನ್ಸರಿಗೆ ನೀರು ಅಂದ್ರೆ ಕಪ್ಪು."

ಇನ್ನೊಮ್ಮೆ ತೋರಿಸಲು ಕೈ ಚಾಚಿದೆ. ನಾಗೇಂದ್ರ ಸಾರ್ ಓನರ ಮುಖ ನೋಡಿ ನಕ್ಕು, "ಕೈ ತೆಗಿಯಮ್ಮ, ಇದ್ದಿಲು ಅಂತ ಊದಿ ಬಿಸಾಕ್ಬುಟ್ಟಾತು" ಎಂದರು.

ಹಾಲಿನಲ್ಲಿ ಯಾರೂ ನಗಲಿಲ್ಲ. ಇಂಥ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ನುಂಗಿದ್ದೇನೆ. ಅವತ್ತು ನುಂಗಲಿಲ್ಲ. "ನೀವೂ ಇಡಿ ಸಾರ್ ಕೈನ, ಪಕ್ಕದಲ್ಲೇ" ಎಂದೆ. ಓನರು "ಇಡ್ರೀ" ಎಂದರು. ನನ್ನ ಕರಿ ಕೈ, ಉಂಗುರವಿದ್ದ ನಾಗೇಂದ್ರ ಸಾರ್ ಅವರ ಬಿಳಿ ಕೈ ಅಕ್ಕಪಕ್ಕ ಬೆಲ್ಟಿನ ಮೇಲೆ. ಪರದೆಯಲ್ಲಿ ಎರಡೂ ಒಂದೇ ಕಪ್ಪು. ಉಂಗುರವೊಂದು ಹೊಳೆಯದಿದ್ದರೆ ಯಾರದು ಯಾವುದೆಂದು ಹೇಳಲು ಆಗುತ್ತಿರಲಿಲ್ಲ. "ಎಲ್ರ ಚರ್ಮದಲ್ಲೂ ಇರೋದು ನೀರೇ ಸರ್. ಇದಕ್ಕೆ ಬಣ್ಣ ಕಾಣಲ್ಲ" ಎಂದಳು ಸಿಂಧು, ಮೆಲ್ಲಗೆ. ನಾಗೇಂದ್ರ ಸಾರ್ ಕೈ ಹಿಂದಕ್ಕೆಳೆದುಕೊಂಡರು. ಅವತ್ತು ಆದ ಖುಷಿಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. "ಸರಿ, ಇನ್ಮೇಲೆ ಹಾಲೊಳಗೆ ಒಂದ್ ಹನಿ ನೀರು ಬರ್ಕೂಡ್ದು" ಎಂದು ನಾಗೇಂದ್ರ ಸಾರ್ ಅಲ್ಲೇ ಆಜ್ಞೆ ಮಾಡಿದರು.

"ನೀರಿಲ್ದೆ ನೀವೊಂದ್ ಹತ್ತು ನಿಮಿಷ ತೊಟ್ಟು ಮುರೀರಿ ಸಾರ್, ಆಮೇಲೆ ಹೇಳಿ" ಎಂದೆ. ಅವರು ಕದಲಲಿಲ್ಲ. ಓನರು ತಾವೇ ನನ್ನ ಮಣೆಯ ಮೇಲೆ ಕೂತು ಒಣ ಕಾಯಿ ಹಿಡಿದು ಮುರಿಯತೊಡಗಿದರು. ಏಳನೆಯದೋ ಎಂಟನೆಯದೋ ಕಾಯಿಗೆ ಸೀನು ಶುರುವಾಯಿತು. ಕಣ್ಣೊರೆಸಿಕೊಳ್ಳಲು ಅದೇ ಕೈಯನ್ನು ಕಣ್ಣಿಗೆ ತಂದರು. ಆಮೇಲೆ ಕೇಳಬೇಕೇ! ರತ್ನಮ್ಮನೇ ಚೊಂಬು ತಂದು ಅವರ ಮುಖಕ್ಕೆ ನೀರು ಹಾಕಿದರು.

ಕಣ್ಣು ಕೆಂಪಗೆ ಮಾಡಿಕೊಂಡೇ ಅವರು ಕೇಳಿದರು: "ಮತ್ತೆ ಏನ್ಮಾಡ್ಬೇಕು ಹೇಳಮ್ಮ."

"ಅಳಿಯನ್ನ ಬಾಗಿಲ ಹತ್ರ ಕೂರಿಸಿ ಸಾರ್. ದಾರ ಬರೋದು ಚೀಲದಿಂದ. ಚೀಲ ಬಿಚ್ಚಿದ ಕೂಡ್ಲೇ ಕಾಯಿ ಒಣಗೇ ಇರುತ್ತೆ, ಅಲ್ಲೇ ನೋಡ್ಕೊಂಡು ದಾರ, ಕಲ್ಲು ತೆಗೀಲಿ. ಆಮೇಲೆ ನಮ್ ಹತ್ರ ಬರ್ಲಿ. ನಾವು ನೀರು ಹಾಕ್ಕೊಂಡು ತೊಟ್ಟು ಮುರೀತೀವಿ."

"ನೆಲಕ್ಕೆ ತೂತು ಕೊರೆದಾಗಿದೆ" ಎಂದರು ನಾಗೇಂದ್ರ ಸಾರ್.

"ಅಲ್ಲೂ ಕೊರೀರಿ. ನೆಲ ಏನ್ ಬೇಡ ಅಂತದಾ?"

ತೊಟ್ಟನ್ನೂ ಕ್ಯಾಮೆರಾನೇ ನೋಡಿಕೊಳ್ಳುತ್ತದೆ, ನಾಲ್ಕು ಜನ ಸಾಕು ಎಂಬ ಹಳೇ ರಾಗವನ್ನು ಅವರು ಮತ್ತೆ ಎತ್ತಿದರು. ಸಿಂಧು ಅದಕ್ಕೆ ಅಲ್ಲೇ ಉತ್ತರ ಕೊಟ್ಟಳು: "ತೊಟ್ಟು ಇದೆ ಅಂತ ಅದಕ್ಕೆ ಕಾಣುತ್ತೆ ಸರ್, ಮುರಿಯೋಕೆ ಬರಲ್ಲ. ಊದಿದ್ರೆ ತೊಟ್ಟಿನ ಜೊತೆ ಕಾಯಿನೂ ಹೋಗುತ್ತೆ. ಇವ್ರು ಬೇಕೇ ಬೇಕು." ಯಂತ್ರ ಮಾರುವವಳು ತನ್ನ ಯಂತ್ರದ ಕೈಲಾಗದ್ದನ್ನು ಹೀಗೆ ಎಲ್ಲರೆದುರು ಹೇಳಿದ್ದು ದೊಡ್ಡ ಮಾತು. ಓನರು ಸರಿ ಎಂದರು. ಯಂತ್ರ ಬಾಗಿಲ ಬಳಿ ಹೋಯಿತು. ನಾಲ್ಕು ಜನ ಪ್ಯಾಕಿಂಗಿಗೆ ಹೋದರು, ಯಾರೂ ಮನೆಗೆ ಹೋಗಲಿಲ್ಲ. ರತ್ನಮ್ಮ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಡಬ್ಬಿಯಲ್ಲಿ ಹುಣಸೆ ಚಿಗುರಿನ ಚಟ್ನಿ ತಂದು ನನ್ನ ಮುಂದೆ ಇಟ್ಟರು.

ವಾರದ ಕೊನೆಗೆ ನಾಗೇಂದ್ರ ಸಾರ್ ನನ್ನನ್ನು ರೂಮಿಗೆ ಕರೆದರು. ಮೇಜಿನ ಮೇಲೆ ಅದೇ ಹಳೇ ಕಾಗದ. "ಎಲ್ಲ ಸರಿಹೋಯ್ತಲ್ಲ. ಫೈಲ್ ಕ್ಲೋಸ್ ಮಾಡ್ಬೇಕು. ಹದಿನೇಳು ಜನದ್ದು ಬಂದಿದೆ, ನಿಂದೊಂದು ಬಾಕಿ. ಸುಮ್ನೆ ಫಾರ್ಮಾಲಿಟಿ, ಹಾಕು."

ಮೊದಲು ಕಳಿಸಿದ ವರದಿ ಅವರ ಕುತ್ತಿಗೆಗೆ ಬಂದಿತ್ತು. ನನ್ನ ರುಜು ಬಿದ್ದರೆ ಆ ವರದಿ ನಿಜವಾಗುತ್ತಿತ್ತು. ನಾನು ಬೇರೊಂದು ಹಾಳೆ ಕೇಳಿ ಅಲ್ಲೇ ನಿಂತು ಬರೆದೆ: ಘಾಟಿಗೆ ಮತ್ತು ಕೈ ಉರಿಗೆ ನಾವು ಮೊದಲಿನಿಂದ ನೀರು ಬಳಸುತ್ತೇವೆ; ಅದು ಕ್ಯಾಮೆರಾಗೆ ಆಗದು ಎಂದು ನಮಗೆ ಗೊತ್ತಿರಲಿಲ್ಲ; ಗೊತ್ತಾದ ಮಾರನೇ ದಿನವೇ ಹೇಳಿದ್ದೇವೆ; ಹದಿನೆಂಟು ಜನರಲ್ಲಿ ಯಾರೂ ತಪ್ಪು ಮಾಡಿಲ್ಲ. ರುಜು ಹಾಕಿ ಅವರ ಮುಂದಿಟ್ಟೆ.

ಅವರ ಮುಖ ಕಪ್ಪಿಟ್ಟಿತು. "ಇದು ಬೇಡ. ಅದಕ್ಕೆ ಹಾಕು. ಇಲ್ದಿದ್ರೆ ಸೋಮವಾರದಿಂದ ಕೆಲ್ಸಕ್ಕೆ ಬರ್ಬೇಡ."

ಮಗಳ ಓದು, ಮನೆ, ಎಲ್ಲ ಕಣ್ಣ ಮುಂದೆ ಬಂತು. ಹೆದರಿಕೆ ಆಗಲಿಲ್ಲ ಎಂದರೆ ನಂಬಬೇಡಿ. ಆದರೆ ಬಾಯಿ ನನ್ನ ಹೆದರಿಕೆಗಿಂತ ಮುಂದೆ ಹೋಗಿತ್ತು.

"ತೆಗೀರಿ ಸಾರ್. ಯಾಕೆ ತೆಗೀತಿದ್ದೀರಿ ಅಂತ ಬರೆದು, ರುಜು ಮಾಡಿ, ಸೀಲ್ ಹಾಕಿ ಕೊಡಿ. ಓದ್ಕೊಂಡು ಹೋಗ್ತೀನಿ."

ಅವರು ಲೆಟರ್‌ಹೆಡ್ ಎಳೆದುಕೊಂಡು ಪೆನ್ನು ತೆಗೆದರು. ಒಂದು ಸಾಲು ಬರೆದು ಹೊಡೆದು ಹಾಕಿದರು. ಇನ್ನೊಂದು ಹಾಳೆ ತೆಗೆದರು. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಸೋಮವಾರ ಕೊಡ್ತೀನಿ, ಹೋಗು" ಎಂದರು.

ಸೋಮವಾರ ಎಂಟೂವರೆಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಅವರು ಹಾಲಿಗೆ ಬಂದಾಗ ಎಲ್ಲರಿಗೂ ಕೇಳುವ ಹಾಗೆ, "ಕಾಗದ ರೆಡಿನಾ ಸಾರ್?" ಎಂದೆ. ಕೇಳಿಸದವರಂತೆ ಹೋದರು. ಮಂಗಳವಾರವೂ ಕೇಳಿದೆ, ಬುಧವಾರವೂ ಕೇಳಿದೆ. ಆಮೇಲಾಮೇಲೆ ನಾನು ಕೇಳುವ ಮುಂಚೆಯೇ ಹಾಲಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು.

ಅದಾಗಿ ಇದು ಐದನೇ ಬೇಸಿಗೆ. ನಾಗೇಂದ್ರ ಸಾರ್ ಅದೇ ಕುರ್ಚಿಯಲ್ಲಿದ್ದಾರೆ, ನಾನು ಅದೇ ಮಣೆಯ ಮೇಲೆ. ನನ್ನನ್ನು ತೆಗೆಯಲು ಬರೆಯಬಹುದಾದ ಒಂದು ಕಾರಣ ಅವರಿಗೆ ಇನ್ನೂ ಸಿಕ್ಕಿಲ್ಲ.